ಹದಿನಾಲ್ಕನೆಯ ಸುತ್ತು

ಅರಗಿನ ವಾಸನೆ ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಅರಗಿನ ಬಳೆ ಮಾಡುವವರ ಓಣಿಯಲ್ಲಿ ಮೂಗು ಮುಚ್ಚಿಕೊಂಡು ಓಡುವ ಗಂಡಸು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಹೆಂಡತಿ ಇದ್ದಾಗ ಇದನ್ನು ಕಂಡು ನಗುತ್ತಿದ್ದಳು. ಕಾರಣ ಅವಳಿಗೂ ಹೇಳಿರಲಿಲ್ಲ.

ಹೋದ ತಿಂಗಳು ಮದುವೆಯೊಂದಕ್ಕೆ ಹುಮನಾಬಾದಿಗೆ ಹೋಗಿದ್ದೆ. ಊಟ ಮುಗಿಸಿ ಬಸ್ಸಿಗೆಂದು ಹೊರಟವನನ್ನು ಧಾನ್ಯಪೇಟೆ ಗಂಜಿನ ಅಡತಿ ವ್ಯಾಪಾರಿ ಶರಣಪ್ಪ ಬಿಡಲಿಲ್ಲ. "ಚಹಾ ಕುಡದ್ ಹೋಗ್ರಿ ಅಜ್ಜಾರ, ಬಸ್ ಎಲ್ಲಿ ಓಡಿ ಹೋಗ್ತದ" ಎಂದು ಕೈಹಿಡಿದು ಅಂಗಡಿಗೆ ಕರೆದೊಯ್ದ. ಆ ಅಂಗಡಿ ಅವನ ತಾತ ರೇವಣಪ್ಪನವರದು. ಅವರ ಕಾಲದಲ್ಲಿ ಒಂದು ಬೆಳಿಗ್ಗೆ ನಾನು ಅದರ ಮೆಟ್ಟಿಲು ಹತ್ತಿ ಇಳಿದವನು, ಆಮೇಲೆ ಹತ್ತಿರಲಿಲ್ಲ. ಇದು ಶರಣಪ್ಪನಿಗೆ ಗೊತ್ತಿಲ್ಲ. ಅವನ ಪಾಲಿಗೆ ನಾನು ಕಲ್ಯಾಣದ ಒಬ್ಬ ನಿವೃತ್ತ ಮಾಸ್ತರ, ಭಜನೆ, ತಾಳ ಅಂದರೆ ಕಿವಿಗೊಡುವ ಮುದುಕ. "ನಿಮಗ ಒಂದ್ ಚೀಜ್ ತೋರಸ್ತೀನಿ, ನಮ್ಮ ತಾತನ ಕಾಲದ್ದು" ಅಂದವನೇ ಗೋಡೆಯ ಕಪಾಟು ತೆರೆದ. ಬಿಸಿಲಿಗೆ ಕಾದಿದ್ದ ಕಪಾಟಿನಿಂದ ಅರಗಿನ ವಾಸನೆ ಗಪ್ಪೆಂದು ಬಂತು. ನನ್ನ ಕೈಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು.

ಅವನು ಹೊರತೆಗೆದದ್ದು ಅರಗಿನಿಂದ ಮಾಡಿದ, ಗ್ರಾಮಾಫೋನಿನ ಒಂದು ಕರಿ ಪ್ಲೇಟು. ನಡುವಿನ ಚೀಟಿಯ ಮೇಲಿನ ಉರ್ದು ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು: ಉಸ್ತಾದ್ ಇಮಾಮಸಾಬ್ ಮತ್ತು ಸಂಗಡಿಗರು, ಕಲ್ಯಾಣಿ. ಆ ಸಂಗಡಿಗರು ಎಂಬ ಶಬ್ದದೊಳಗೆ ನಾನಿದ್ದೇನೆ. ಇನ್ನಿಬ್ಬರು ಇದ್ದರು, ಹೋದರು. ನಾಲ್ವರಲ್ಲಿ ಉಳಿದವನು ನಾನೊಬ್ಬ, ಉಳಿಯಬಾರದಿದ್ದವನು.

"ಹಾಕ್ಲೇನ್ರಿ?" ಅಂತ ಶರಣಪ್ಪ ಸೂಜಿ ಹಿಡಿದು ಕೇಳಿದ. ಜರಾ ತಡಿ ಅಂದೆ. ಧೋತರದ ಚಹಾ ಹಿಂಡಿಕೊಂಡೆ.

ಆ ಪ್ಲೇಟು ಆದದ್ದು ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಮಳೆಗಾಲದಲ್ಲಿ. ಬಸವಕಲ್ಯಾಣಕ್ಕೆ ಆಗಿನ್ನೂ ಆ ಹೆಸರಿಲ್ಲ, ಎಲ್ಲರ ಬಾಯಲ್ಲೂ ಕಲ್ಯಾಣಿ. ನಾನು ಅಲ್ಲಿನ ಶಾಲೆಯಲ್ಲಿ ಲೆಕ್ಕದ ಮಾಸ್ತರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. ಮೂರೂ ಭಾಷೆಯಲ್ಲಿ ನನ್ನ ಮಾತು ತಪ್ಪಬಹುದು, ಲೆಕ್ಕ ಮಾತ್ರ ತಪ್ಪುವುದಿಲ್ಲ ಎಂಬ ಜಂಭ ಆಗ ನನಗಿತ್ತು. ಸೋಮವಾರ ಸಂಜೆ ಮಠದಲ್ಲಿ ಭಜನೆಗೆ ಕಂಚಿನ ತಾಳ ಹಾಕುತ್ತಿದ್ದೆ. ಪ್ಲೇಟಿಗೂ ಎರಡು ವರ್ಷ ಹಿಂದಿನ ಒಂದು ಸೋಮವಾರ ಹೊರಗೆ ಕಟ್ಟೆಯ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬರು ನಿಂತಿದ್ದರು. ಭಜನೆ ಮುಗಿಯುವ ತನಕ ಅಲುಗಲಿಲ್ಲ. ಮುಗಿದ ಮೇಲೆ ನನ್ನ ಹತ್ತಿರ ಬಂದು ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿದರು. "ಮಾಸ್ತರ, ಈ ಕೈಯಾಗ ಗಡಿಯಾರ ಅದ" ಅಂದರು. ಅವರೇ ಇಮಾಮಸಾಬ್.

ಅವರ ಮನೆತನ ಕೋಟೆಯ ದರವಾಜದ ಮೇಲಿನ ನಗಾರಖಾನೆಯಲ್ಲಿ ತಲೆತಲಾಂತರದಿಂದ ಹೊತ್ತುಹೊತ್ತಿಗೆ ನೌಬತ್ತಿನ ನಗಾರಿ ಬಾರಿಸುತ್ತ ಬಂದದ್ದು. ತಾಮ್ರದ ಬಟ್ಟಲಿನ ಎರಡು ನಗಾರಿ, ಕೈಯಲ್ಲಿ ಎರಡು ಕೋಲು. ನೌಬತ್ತು ನಿಂತುಹೋಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಬೇರೆಯವರಾಗಿದ್ದರೆ ಕೋಲು ಅಟ್ಟಕ್ಕೇರಿಸಿ ಕೂರುತ್ತಿದ್ದರು. ಇವರು ಹಾಡುವವರಿಲ್ಲದೆ, ಕುಣಿಯುವವರಿಲ್ಲದೆ, ದೇವರ ಪಲ್ಲಕ್ಕಿಯೂ ಮದುವೆಯ ಕುದುರೆಯೂ ಇಲ್ಲದೆ ಬರೀ ಚರ್ಮವಾದ್ಯಗಳೇ ಕೂಡಿ ಮಾತಾಡುವ ಒಂದು ಮೇಳ ಕಟ್ಟಿದರು. ಎಣ್ಣೆಗಾಣದ ಗುರುಪಾದಪ್ಪ ಮೃದಂಗದಂಥ ಪಖವಾಜಿಗೆ, ಹುಲಸೂರಿನ ತುಳಜಪ್ಪ ಸಂಬಳ ಎಂಬ ಜೋಡಿ ಚರ್ಮವಾದ್ಯಕ್ಕೆ, ನಾನು ತಾಳಕ್ಕೆ. ಆ ಕಾಲಕ್ಕೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಚಿಟಗುಪ್ಪದಲ್ಲಿ ನಾವು ಮುಕ್ಕಾಲು ತಾಸು ಬಾರಿಸಿ ಬೆವರು ಒರೆಸಿಕೊಳ್ಳುವಾಗ ಮುಂದೆ ಕುಳಿತಿದ್ದ ಪಟೇಲರು ಬಹಳ ಮರ್ಯಾದೆಯಿಂದ, "ಹಾಡೋರು ಇನ್ನಾ ಎಷ್ಟೊತ್ತಿಗಿ ಬರ್ತಾರ್ರಿ?" ಅಂತ ಕೇಳಿದರು. ಅಲ್ಲಿಂದ ಮುಂದೆ ನಮಗೆ 'ಬರೇ ಬಾರ್ಸೋರು' ಅಂತಲೇ ಹೆಸರು ಬಿತ್ತು. ಉಸ್ತಾದರಿಗೆ ಆ ಹೆಸರು ಭಾರೀ ಇಷ್ಟ. ಒಂದು ವರ್ಷದೊಳಗೆ ಅದೇ ಪಟೇಲರು ಗಾಡಿ ಕಳಿಸಿ ಕರೆಸಿಕೊಂಡರು.

ತಾಲೀಮು ಖಾಲಿ ಬಿದ್ದ ನಗಾರಖಾನೆಯಲ್ಲೇ. ಒಂದು ಭಾನುವಾರ ಅಲ್ಲಿ ಕೂತು ಚುರುಮುರಿ ತಿನ್ನುವಾಗ ಉಸ್ತಾದರು ಅವರ ಮನೆತನದ ಒಂದು ರಿವಾಜು ಹೇಳಿದರು. ತಾಳದ ಸುತ್ತು ಮುಗಿದು ಮತ್ತೆ ಮೊದಲಿನ ಪೆಟ್ಟಿಗೆ ಬಂದು ಬೀಳುವ ಜಾಗಕ್ಕೆ ಸಮ ಅನ್ನುತ್ತಾರೆ. ಬಾರಿಸುವವನು ಎಲ್ಲೆಲ್ಲಿ ಅಲೆದರೂ ಕೊನೆಗೆ ಅಲ್ಲಿಗೆ ಬಂದು ಮುಟ್ಟಬೇಕು. ಕೇಳುವವರ ಕೈಯೂ ತಲೆಯೂ ತಾನಾಗಿ ಅಲ್ಲಿ ಬೀಳುತ್ತವೆ.

"ನಮ್ಮ ಅಬ್ಬಾ ಒಂದ್ಸಲ ಆಖರಿಗಿ ಬಂದಿದ್ರು, ಸಮ ಒಂದೇ ಬಾಕಿ" ಅಂದರು ಉಸ್ತಾದರು. "ದರವಾಜದ ಮ್ಯಾಲಿಂದ ಹೆಜ್ಜೇನ ಎದ್ದು ಬಂತು. ಕೋಲು ಒಗದು ಓಡಿದ್ರು. ಮರದಿನ ನಗಾರಿ ಬೋರಲ ಹಾಕಿದ್ರು. ಯಾರ್ಯಾರು ಕೇಳಿದ್ರೋ ಅಷ್ಟೂ ಮಂದಿ ಮತ್ತ ಕೂಡಬೇಕು, ಅವ್ರ ಮುಂದ ಸಮ ಕೊಡಬೇಕು. ಆಮ್ಯಾಲೇ ನಗಾರಿ ಸೀದಾ ಆಗಬೇಕು."

"ಕೂಡಿದ್ರೇನು ಮಂದಿ?" ಅಂತ ಗುರುಪಾದಪ್ಪ ಕೇಳಿದ.

"ಎಲ್ಲಾರೂ ಕೂಡಿದ್ರು. ಬಳಿ ಮಾರೋ ಒಬ್ಬಾಕಿ ಮಾತ್ರ ಮಗಳ ಬಾಣಂತನಕ್ಕ ಹೋಗಿದ್ಲು. ಆಕಿ ವಾಪಸ್ ಬರೋ ತನಕ ಹನ್ನೊಂದ್ ದಿನ ಕೋಟ್ಯಾಗ ನೌಬತ್ ಇಲ್ಲ!"

ನಾವು ಚುರುಮುರಿ ಗಂಟಲಿಗೆ ಸಿಕ್ಕುವಷ್ಟು ನಕ್ಕೆವು. ನಾನೂ ನಕ್ಕೆ. ಈಗ ನೆನೆದರೆ ನಗು ಬರುವುದಿಲ್ಲ.

ಪ್ಲೇಟು ಆದ ವರ್ಷದ ಬೇಸಿಗೆಯ ಕೊನೆಗೆ ರೇವಣಪ್ಪನವರು ಹುಮನಾಬಾದಿನಿಂದ ಹೇಳಿಕಳಿಸಿದರು. ಗ್ರಾಮಾಫೋನಿನ ಹುಚ್ಚು ಅವರಿಗೆ ವಿಪರೀತ. ಮುಂಬೈಯಿಂದ ರಿಕಾರ್ಡು ಮಾಡುವವರು ಯಾರೋ ಗಾಯಕಿಯ ಹಾಡು ಹಿಡಿಯಲು ಹುಮನಾಬಾದಿನ ಮುಸಾಫರಿ ಬಂಗ್ಲೆಗೆ ಬಂದಿಳಿಯುತ್ತಾರಂತೆ, ಕೈಕಾಲು ಹಿಡಿದು ಒಂದು ಪ್ಲೇಟಿನ ಒಂದು ಮಗ್ಗುಲು ನಮ್ಮ ಮೇಳಕ್ಕೆ ಕೊಡಿಸಿದ್ದಾರಂತೆ. ಅವಕಾಶ ಒಂದೇ ಸಲ, ಮೂರು ನಿಮಿಷ. ಉಸ್ತಾದರಿಗೆ ಅರುವತ್ತರ ಹತ್ತಿರ ವಯಸ್ಸು, ಅವತ್ತು ಮಕ್ಕಳ ಹಾಗೆ ಖುಷಿಪಟ್ಟರು. "ನಾ ಸತ್ತ ಮ್ಯಾಲೂ ನಗಾರಿ ಬಾರಸ್ತದ ನೋಡ್ ಚಾಂದ್" ಅಂತ ಹೆಂಡತಿ ಚಾಂದಬಿಗೆ ಹೇಳಿದರು. "ಮೊದ್ಲ ಚಹಾ ಕುಡೀರಿ, ಆಮ್ಯಾಲ ಸಾಯ್ರಿ" ಅಂದಳು ಆಕೆ. ಚಹಾದ ಬಟ್ಟಲನ್ನು ಅವರು ಬಲಗೈಯಲ್ಲಿ ತೆಗೆದುಕೊಂಡರು. ಅವರು ಎಡಚರು, ಹೆಸರುವಾಸಿಯಾದದ್ದೂ ಅವರ ಎಡಗೈಯೇ. ನಾನು ನೋಡಿದೆ. ನೋಡದವನ ಹಾಗೆ ಇದ್ದೆ.

ಮೂರು ನಿಮಿಷದ ಲೆಕ್ಕ ನನ್ನ ಪಾಲಿಗೆ ಬಂತು. ಹೆಡ್ ಮಾಸ್ತರರ ಗಡಿಯಾರ ಬೇಡಿ ತಂದು ತೊಡೆಯ ಮೇಲಿಟ್ಟುಕೊಂಡು ತಾಳ ಹಾಕಿದೆ. ಹದಿನಾರು ಪೆಟ್ಟಿನ ಒಂದು ಸುತ್ತಿಗೆ ಎಂಟು ಸೆಕೆಂಡು. ಇಪ್ಪತ್ತೆರಡು ಸುತ್ತು ಬಾರಿಸಿ ಸಮಕ್ಕೆ ಬಿದ್ದರೆ ನೂರಾ ಎಪ್ಪತ್ತಾರು ಸೆಕೆಂಡು. ಇನ್ನೂ ನಾಲ್ಕು ಸೆಕೆಂಡು ಕೈಯಲ್ಲಿ ಉಳಿಯುತ್ತದೆ. ಹದಿನೈದು ದಿನ ತಾಲೀಮು ಮಾಡಿದೆವು, ಒಂದು ದಿನವೂ ಹಿಂದೆಮುಂದೆ ಆಗಲಿಲ್ಲ.

ಮೃಗಶಿರ ಮಳೆ ಹಿಡಿದ ವಾರ ಸರ್ವಿಸ್ ಮೋಟಾರಿನಲ್ಲಿ ಹೊರಟೆವು. ನಗಾರಿಗಳನ್ನು ಗೋಣಿಯಲ್ಲಿ, ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆವು. ಆದರೂ ದಾರಿಯ ತಂಪಿಗೆ ಚರ್ಮ ಮೆತ್ತಗಾಗಿ ನಾದ ಕೂತುಹೋಗಿತ್ತು. ಬಂಗ್ಲೆಯ ಪಡಸಾಲೆಯಲ್ಲಿ ಕೆಂಡದ ಬುಟ್ಟಿ ಇಟ್ಟು ಕಾಯಿಸಿದೆವು. ಒಳಗೆ ಕಿಟಕಿ ಬಾಗಿಲಿಗೆಲ್ಲ ರಜಾಯಿ ಕಟ್ಟಿ ಗಾಳಿಯೇ ಆಡದಂತೆ ಮಾಡಿದ್ದರು. ಮಧ್ಯಾಹ್ನದ ಹೊತ್ತು, ಉಸಿರು ಕಟ್ಟುವ ಧಗೆ. ಕನ್ನಡಕದ ರಿಕಾರ್ಡು ಸಾಹೇಬರು ಮರಾಠಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿದರು. ಪಖವಾಜು ಬಾಗಿಲ ಹತ್ತಿರ, ಸಂಬಳ ಅದರ ಪಕ್ಕ, ನಗಾರಿ ಹಿಂದಿನ ಮೂಲೆಗೆ. ತಾಳದ ಸದ್ದು ಸಣ್ಣದೆಂದು ನನ್ನನ್ನು ಯಂತ್ರಕ್ಕೆ ಎಲ್ಲರಿಗಿಂತ ಹತ್ತಿರ ಕೂರಿಸಿ ಉಸ್ತಾದರ ಕಡೆ ಮುಖ ಮಾಡಿಸಿದರು. ಉಸ್ತಾದರ ತಲೆಯ ಮೇಲೆ ಗೋಡೆಗೊಂದು ಬ್ಯಾಟರಿಯ ಕೆಂಪು ದೀಪ. ದೀಪ ಹತ್ತಿದಾಗ ಶುರು, ದೀಪ ಆರಿದರೆ ಸದ್ದು ಕೊರೆದುಕೊಳ್ಳುವ ಮೇಣದ ತಟ್ಟೆಯ ಮೇಲೆ ಜಾಗ ಮುಗಿಯಿತು ಎಂದು ಅರ್ಥ. ಆ ದೀಪ ನೇರವಾಗಿ ಕಾಣುತ್ತಿದ್ದದ್ದು ನನಗೊಬ್ಬನಿಗೆ.

ದೀಪ ಹತ್ತಿತು. ಏನು ಬಾರಿಸಿದರು ಅವತ್ತು! ಗುರುಪಾದಪ್ಪ ಕಣ್ಣು ಮುಚ್ಚಿಬಿಟ್ಟಿದ್ದ. ಒಂದು, ಎರಡು, ಮೂರು ಅಂತ ನಾನು ಮನಸ್ಸಿನಲ್ಲಿ ಸುತ್ತು ಎಣಿಸುತ್ತಿದ್ದೆ. ಹದಿಮೂರು ಮುಗಿದು ಹದಿನಾಲ್ಕಕ್ಕೆ ಕಾಲಿಟ್ಟೆವು. ಅಲ್ಲಿ ಉಸ್ತಾದರ ಎಡಗೈ ಒಂಟಿಯಾಗಿ ಬಾರಿಸುವ ತುಂಡು ಬರುತ್ತದೆ. ನಾನು ಅವರ ಕೈ ನೋಡಿದೆ. ಮುಂಗೈ ನಡುಗುತ್ತಿತ್ತು. ದಣಿವಿನ ನಡುಕ ಅಲ್ಲ ಅದು. ಕೋಲಿನ ತುದಿ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಮುಖದ ತುಂಬ ಬೆವರು, ಹಲ್ಲು ಕಚ್ಚಿ ಹಿಡಿದಿದ್ದರು. ಅಂಥ ಮನುಷ್ಯ ಹಲ್ಲು ಕಚ್ಚಿದ್ದನ್ನು ನಾನು ಕಂಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ತಾಳದ ವೇಗವನ್ನು ಒಂದು ಎಳೆ ಇಳಿಸಿದೆ. ಬೇರೆ ಯಾರಿಗೂ ತಿಳಿಯದಷ್ಟು. ಪಖವಾಜು ಇಳಿಯಿತು, ಸಂಬಳ ಇಳಿಯಿತು, ಉಸ್ತಾದರ ದವಡೆ ಸಡಿಲವಾಯಿತು. ನನಗೆ ಸಮಾಧಾನವಾಯಿತು. ಆ ಸಮಾಧಾನದಲ್ಲಿ ಲೆಕ್ಕ ಮರೆತೆ.

ಇಪ್ಪತ್ತೆರಡನೆಯ ಸುತ್ತು. ಕೊನೆಯ ಬೋಲನ್ನು, ಆ ಪೆಟ್ಟುಗಳ ಸರವನ್ನು, ಮೂರು ಸಲ ಹೇಳಿ ಸಮಕ್ಕೆ ಬೀಳಬೇಕು. ಮೊದಲನೆಯದಾಯಿತು, ಎರಡನೆಯದಾಯಿತು. ಮೂರನೆಯದರ ಕೊನೆಗೆ ಉಸ್ತಾದರ ಎರಡೂ ಕೋಲು ಮೇಲೆದ್ದವು. ದೀಪ ಆರಿತು. ಆಮೇಲೆ ಕೋಲು ಬಿದ್ದವು.

ಕೋಣೆಯಲ್ಲಿ ಸಮ ಬಿದ್ದದ್ದನ್ನು ನಾಲ್ವರೂ ಕೇಳಿದ್ದೆವು. ತುಳಜಪ್ಪ ಆಹಾ ಎಂದು ಕೂಗಿದ. ಉಸ್ತಾದರು ಎದ್ದು ಬಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, "ಮಾಸ್ತರ, ಇವತ್ತಿನ ಸಮ ಖುದಾ ಕೇಳ್ದ" ಅಂದರು. ದೇವರು ಕೇಳಿರಬಹುದು, ಮೇಣ ಕೇಳಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈಗಲೇ ಕೇಳಿಸಿ ಅಂತ ಗುರುಪಾದಪ್ಪ ಸಾಹೇಬರ ಬೆನ್ನು ಹತ್ತಿದ. ಹಸಿ ಮೇಣದ ಮೇಲೆ ಸೂಜಿ ಇಟ್ಟರೆ ಎಲ್ಲ ಕೆಟ್ಟುಹೋಗುತ್ತದೆ, ದಸರೆಯ ಹೊತ್ತಿಗೆ ಪ್ಲೇಟು ಬರುತ್ತದೆ ಎಂದು ಹೇಳಿ ಅವರು ಪೆಟ್ಟಿಗೆ ಮುಚ್ಚಿದರು. ಅವರಿಗೆ ಸಮದ ಗೊಡವೆ ಇರಲಿಲ್ಲ, ಸದ್ದು ಸ್ವಚ್ಛವಾಗಿ ಬಂದರೆ ಸಾಕಿತ್ತು.

ಆ ಮಳೆಗಾಲ ಪೂರ್ತಿ ನಾನು ಒಬ್ಬನೇ ಆ ಅರ್ಧ ಸೆಕೆಂಡನ್ನು ಹೊತ್ತುಕೊಂಡು ತಿರುಗಿದೆ. ಹದಿಮೂರು ಸುತ್ತು ಎಂಟರಂತೆ, ಒಂಬತ್ತು ಸುತ್ತು ಎಂಟೂವರೆಯಂತೆ. ನೂರಾ ಎಂಬತ್ತೂವರೆ. ಮಕ್ಕಳು ಮಗ್ಗಿ ಹೇಳುತ್ತಿದ್ದಾಗ ನಾನು ಹಲಗೆಯ ಮೂಲೆಯಲ್ಲಿ ಇದನ್ನೇ ಬರೆದು ಅಳಿಸುತ್ತಿದ್ದೆ. ದೀಪಕ್ಕೂ ಸೂಜಿಗೂ ಒಂದು ಚೂರು ಅಂತರ ಇದ್ದೀತು, ಸಮ ಹೇಗೋ ನುಸುಳಿ ಒಳಗೆ ಸೇರಿಕೊಂಡೀತು ಎಂದು ಆಸೆ. ಮಳೆ ಆ ವರ್ಷ ಚೆನ್ನಾಗಿಯೇ ಹಿಡಿಯಿತು. ತ್ರಿಪುರಾಂತ ಕೆರೆ ತುಂಬಿತು, ಹೆಸರು ಉದ್ದು ಮನೆಗೆ ಬಂದವು, ತೊಗರಿ ಮೊಳಕಾಲುದ್ದ ಎದ್ದು ನಿಂತಿತು. ಉಸ್ತಾದರು ಸಿಕ್ಕಾಗಲೆಲ್ಲ "ಪ್ಲೇಟ್ ಬಂತೇನ್ರಿ ಮಾಸ್ತರ?" ಅಂತ ಕೇಳುತ್ತಿದ್ದರು. ಒಂದು ಸಲ ಅವರು ಎದುರಿಗೆ ಬರುವುದು ಕಂಡು ಕಾಸಾರರ ಓಣಿಗೆ ತಿರುಗಿಕೊಂಡೆ. ನಾಚಿಕೆಗೇಡು. ಆದರೂ ತಿರುಗಿಕೊಂಡೆ.

ದಸರೆ ಮುಗಿದ ಮರುವಾರ ರೇವಣಪ್ಪನವರ ಕರೆ ಬಂತು. ಬೆಳಿಗ್ಗೆ ಹುಮನಾಬಾದಿನ ಅಂಗಡಿಯ ಕಟ್ಟೆ ತುಂಬ ಜನ. ಜೋಳದ ಚೀಲಗಳ ಮೇಲೆ ಏರಿ ಕೂತವರು, ಗಂಜಿನ ಹಮಾಲರು, ದಲಾಲರು, ಚಿಟಗುಪ್ಪದ ಪಟೇಲರು. ಉಸ್ತಾದರು ಇಸ್ತ್ರಿಯ ಶೇರ್ವಾನಿ ಹಾಕಿ ಕಣ್ಣಿಗೆ ಸುರ್ಮಾ ಹಚ್ಚಿ ಬಂದಿದ್ದರು. ಹೊಸ ಪ್ಲೇಟನ್ನು ಕಾಗದದಿಂದ ಬಿಡಿಸಿದಾಗ ಬಂದದ್ದು ಅದೇ ಅರಗಿನ ವಾಸನೆ.

ಪೆಟ್ಟಿಗೆಯಿಂದ ನಮ್ಮದೇ ನಗಾರಿ ಮಾತಾಡತೊಡಗಿದಾಗ ಜನ ಬೆರಗಾಗಿ ಬಾಯಿ ತೆರೆದರು. ಒಬ್ಬ ಹಮಾಲ ಉಸ್ತಾದರ ಕೈ ನೋಡುತ್ತಾನೆ, ಪೆಟ್ಟಿಗೆ ನೋಡುತ್ತಾನೆ, ಮತ್ತೆ ಕೈ ನೋಡುತ್ತಾನೆ. ನನ್ನನ್ನು ದಂಗುಬಡಿಸಿದ್ದು ಬೇರೆಯೇ. ಯಂತ್ರಕ್ಕೆ ಹತ್ತಿರ ಕೂತದ್ದರಿಂದ ನಾಲ್ವರಲ್ಲಿ ಎಲ್ಲರಿಗಿಂತ ನಿಚ್ಚಳವಾಗಿ ಕೇಳಿಸುತ್ತಿದ್ದದ್ದು ನನ್ನ ತಾಳ. ಹದಿನಾಲ್ಕನೆಯ ಸುತ್ತಿನಲ್ಲಿ ಅದು ಇಳಿದದ್ದು ನನಗೆ ಕಪಾಳಕ್ಕೆ ಹೊಡೆದ ಹಾಗೆ ಕೇಳಿಸಿತು. ಈಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ ಅಂದುಕೊಂಡೆ. ಯಾರೂ ತಿರುಗಲಿಲ್ಲ. ತಾಳವನ್ನು ಯಾರೂ ಕೇಳುವುದಿಲ್ಲ, ಅದು ಇರುತ್ತದೆ ಅಷ್ಟೇ.

ಕೊನೆಯ ಬೋಲು ಬಂತು. ಕಟ್ಟೆಯ ಮೇಲಿದ್ದವರೆಲ್ಲ ಸಮಕ್ಕೆಂದು ಕೈ ಎತ್ತಿದರು. ಉಸ್ತಾದರೂ ಎತ್ತಿದರು. ಒಂದು, ಎರಡು, ಮೂರು, ಆಮೇಲೆ ಖರ್ರ್ ಖರ್ರ್ ಅಂತ ಬರೀ ಸೂಜಿ. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು.

"ಸಮ ಎಲ್ಲದ?" ಅಂತ ತುಳಜಪ್ಪ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದ. "ಕೀಲಿ ಕಮ್ಮಿ ಆಗ್ಯಾದ, ತಡೀರಿ" ಎಂದು ರೇವಣಪ್ಪನವರು ಕೀಲಿ ತುಂಬಿ ಮತ್ತೆ ಹಾಕಿದರು. ಮತ್ತೆ ಎಲ್ಲರೂ ಕೈ ಎತ್ತಿದರು. ಮತ್ತೆ ಖರ್ರ್ ಖರ್ರ್. ಮೂರನೆಯ ಸಲ ಹಾಕುವಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಉಸ್ತಾದರ ಕೈ ಮಾತ್ರ ಮೂರನೆಯ ಸಲ ಮೇಲೇಳಲಿಲ್ಲ. ಅವರು ನಿಂತುಕೊಂಡರು.

"ಬಂದ್ ಮಾಡ್ರಿ. ನನ್ನ ಕೈ ತಡ ಆಗ್ಯಾದ" ಅಂದರು.

ಎಲ್ಲರ ಮುಂದೆ, ಗಟ್ಟಿಯಾಗಿ. ಎದ್ದು ನಿಂತು ನಾನು ನಾನು ಎಂದು ಕೂಗಬೇಕಿತ್ತು. ಆದರೆ ನೀನು ಯಾಕೆ ಇಳಿಸಿದೆ ಎಂದು ಯಾರಾದರೂ ಕೇಳಿದರೆ, ನಡುಗುವ ಕೈಯ ಮಾತನ್ನು ಇಡೀ ಗಂಜಿನ ಮುಂದೆ ಹೇಳಬೇಕಾಗುತ್ತಿತ್ತು. ಸುಮ್ಮನೆ ಕೂತೆ. ಉಸ್ತಾದರು ರೇವಣಪ್ಪನವರನ್ನು ಕೇಳಿದರು: "ಈ ಪ್ಲೇಟು ಎಷ್ಟ್ ಊರಿಗಿ ಹೋಗ್ಯಾದ್ರಿ?"

ಅವರ ಮನಸ್ಸಿನಲ್ಲಿ ಏನಿದೆ ಎಂದು ರೇವಣಪ್ಪನವರಿಗೆ ತಿಳಿಯಲಿಲ್ಲ. ಹಿಗ್ಗಿನಿಂದ, "ಹೈದರಾಬಾದಿಗಿ ಹೋಗ್ಯಾದ, ಸೊಲ್ಲಾಪುರ, ಕಲಬುರ್ಗಿ, ಪುಣೇದಾಗೂ ಸಿಗತದಂತ! ದೇಶ ತುಂಬ ನಿಮ್ಮ ಹೆಸರು ಉಸ್ತಾದ್!" ಅಂದರು.

ಉಸ್ತಾದರು ತಲೆಯಾಡಿಸಿ ಮೆಟ್ಟಿಲಿಳಿದರು. ಮರುದಿನ ಅವರ ಮನೆಯಂಗಳದಲ್ಲಿ ನಗಾರಿಗಳು ಬೋರಲು ಬಿದ್ದಿದ್ದವು.

ಸುದ್ದಿ ಕೇಳಿ ನಾನು ಶಾಲೆಯ ಜಗಲಿಯ ಮೇಲೆ ಕೂತುಬಿಟ್ಟೆ. ಅವರ ತಂದೆ ಒಬ್ಬ ಬಳೆಯವಳಿಗಾಗಿ ಹನ್ನೊಂದು ದಿನ ಕಾದರು. ಇವರು ಪುಣೆ ಸೊಲ್ಲಾಪುರದವರನ್ನು ಎಲ್ಲಿಂದ ಕೂಡಿಸಬೇಕು? ಯಾರ ಮನೆಯ ಪಡಸಾಲೆಯಲ್ಲಿ ಯಾರು ಆ ಪ್ಲೇಟು ಹಾಕಿ ಕೈಯೆತ್ತಿ ಕಾದು ಕೂತಿದ್ದಾರೋ ಯಾರು ಬಲ್ಲರು? ಗುರುಪಾದಪ್ಪ ಹೋಗಿ ಅದು ಯಂತ್ರದ ತಪ್ಪೆಂದು ವಾದಿಸಿದ. ಹುಮನಾಬಾದಿನ ಜನರನ್ನೇ ಕೂಡಿಸುತ್ತೇನೆ, ಸಮ ಬಾರಿಸಿ ಮುಗಿಸಿಬಿಡಿ ಎಂದು ರೇವಣಪ್ಪನವರು ಬಂದು ಗೋಗರೆದರು. "ಉಳಿದೋರು?" ಅಂತ ಕೇಳಿದರಂತೆ ಉಸ್ತಾದರು. ದೀಪಾವಳಿಗೆ ಹುಲಸೂರಿನಿಂದ ಕರೆ ಬಂದಿತ್ತು, ಹೋಗಲಿಲ್ಲ.

ಕಡೆಗೆ ಒಂದು ಬೆಳಿಗ್ಗೆ ನಾನು ಗಟ್ಟಿ ಮನಸ್ಸು ಮಾಡಿದೆ. ತಪ್ಪು ತಾಳದವನದು ಎಂದಾದರೆ ಬೋರಲಾಗಬೇಕಾದದ್ದು ನನ್ನ ತಾಳ, ಅವರ ನಗಾರಿಯಲ್ಲ. ರಿವಾಜಿನ ಪ್ರಕಾರವೇ ಅವರು ಬಿಡುಗಡೆಯಾಗುತ್ತಾರೆ. ಲೆಕ್ಕದವನ ಬುದ್ಧಿ ನೋಡಿ, ಅದಕ್ಕೂ ಒಂದು ಉತ್ತರ ಹುಡುಕಿಕೊಂಡಿತ್ತು. ತಾಳವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕೋಟೆಯ ಹಿಂದಿನ ಅವರ ಮನೆಗೆ ಹೋದೆ.

ಉಸ್ತಾದರು ಹೊರಸಿನ ಮೇಲೆ ಎಳೆಬಿಸಿಲಿಗೆ ಕೂತಿದ್ದರು. ಎದುರಿಗೆ ಬೋರಲು ಬಿದ್ದ ನಗಾರಿ, ತಾಮ್ರದ ಬೆನ್ನಿನ ಮೇಲೆ ಒಂದು ಕೋಳಿ ಏರಿ ಕೂತಿತ್ತು. ಅವರು ಅದನ್ನು ಓಡಿಸದೆ ನೋಡುತ್ತ ಕೂತಿದ್ದರು. ನಾವ್ಯಾರಾದರೂ ಎಡವಿ ಆ ನಗಾರಿಗೆ ಕಾಲು ತಾಗಿಸಿದರೆ ಮೂರು ಸಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ತನಕ ಬಿಡುತ್ತಿರದ ಮನುಷ್ಯ. ನಾನು ಕೋಳಿಯನ್ನು ಓಡಿಸಿ, ತಾಳವನ್ನು ಅವರ ಕಾಲ ಹತ್ತಿರ ಬೋರಲು ಇಟ್ಟೆ.

"ಉಸ್ತಾದ್, ಸಮ ತಪ್ಪಿಸಿದಾವ ನಾ. ನಿಮ್ಮ ಕೈ ತಡ ಆಗಿಲ್ಲ. ನಾ ತಾಳ ಇಳಿಸೀನಿ."

ಅವರು ತಾಳ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಹದಿನಾಕನೇ ಸುತ್ತಿನಾಗ."

ನಾನು ಆ ಅಂಕಿಯನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

"ನಿಮ್ಗ ಗೊತ್ತಿತ್ತೇನ್ರಿ? ಪ್ಲೇಟ್ ಕೇಳಿದಾಗ ಗೊತ್ತಾತೇನು?"

"ಬಾರ್ಸಾಕತ್ತಾಗೇ ಗೊತ್ತಾತು. ನಂದು ಕೈ ಹೋಗ್ಯಾದ, ಕಿವಿ ಹೋಗಿಲ್ಲ ಮಾಸ್ತರ." ಎಡಗೈ ತೊಡೆಯ ಮೇಲೆ ಅದುರುತ್ತಿತ್ತು, ಬಲಗೈಯಿಂದ ಅದನ್ನು ಮುಚ್ಚಿಕೊಂಡರು. "ನೀವು ಇಳಿಸಿದ್ರಿ. ನಾ ಮ್ಯಾಲ ಎಳೀಬೇಕಿತ್ತು. ಒಂದು ಪೆಟ್ಟಿನಾಗ ಎಳೀಬಹುದಿತ್ತು. ಎಳೀಲಿಲ್ಲ. ಯಾಕ ಹೇಳ್ರಿ? ಆರಾಮ ಅನಸ್ತು. ಐವತ್ತು ವರ್ಷದಾಗ ಯಾರೂ ನನ್ನ ಸಲುವಾಗಿ ಲಯ ಇಳಿಸಿಲ್ಲ. ನೀವು ಇಳಿಸಿದ್ರಿ, ನಾ ಅದರಾಗ ಕೂತು ಆರಾಮ ತಗೊಂಡೆ. ಅದಕ್ಕ ಬೋರಲ ಹಾಕೀನಿ. ಸಮದ ಮಾತು ಬರೇ ಮಂದಿಗಿ ಹೇಳಾಕ ಅಷ್ಟ."

ನಾನು ಅಳುತ್ತಿದ್ದೆ. ಮೂವತ್ತು ದಾಟಿದ ಗಂಡಸು, ಚಾಂದಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರೂ ಅಳುತ್ತಿದ್ದೆ. "ಮತ್ತ ಗಂಜಿನಾಗ ಅಷ್ಟ್ ಮಂದಿ ಮುಂದ ನಿಮ್ಮ ಕೈ ತಡ ಅಂತ ಯಾಕ ಹೇಳಿದ್ರಿ?"

"ತಾಳ ಅಂದಿದ್ರ ಎಲ್ಲಾರೂ ನಿಮ್ಮ ಕಡಿ ತಿರಗತಿದ್ರು. ಯಾಕ ಇಳಿಸಿದ್ರಿ ಅಂತ ಕೇಳತಿದ್ರು. ಏನ್ ಹೇಳತಿದ್ರಿ ನೀವು?"

ಅವರು ಬಗ್ಗಿ ನನ್ನ ತಾಳವನ್ನು ಸೀದಾ ಮಾಡಿ, ಬಟ್ಟೆಯಲ್ಲಿ ಸುತ್ತಿ, ನನ್ನ ಕೈಗೆ ಕೊಟ್ಟರು. "ನಾ ಇರೋ ತನಕ ಈ ಮಾತು ಇಲ್ಲೇ ಇರಲಿ. ಆತೇನು?" ಅಂದರು. ಆಯಿತು ಅಂದೆ. ಚಾಂದಬಿ ಚಹಾ ತಂದಳು. ಇಬ್ಬರೂ ಕುಡಿದೆವು. ಮೇಳದ ಮಾತು ಆಮೇಲೆ ಬರಲೇ ಇಲ್ಲ.

ಯುದ್ಧದ ನಡುವೆ, ಜೋಳ ಸಿಗುವುದೇ ಕಷ್ಟವಾದ ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋದ ದಿನವೂ ನಗಾರಿ ಅಂಗಳದಲ್ಲಿ ಹಾಗೆಯೇ ಇದ್ದವು. ಅವರು ಕೇಳಿದ್ದು ಅವರಿರುವ ತನಕ ಮಾತ್ರ. ಆಮೇಲೆ ನಾನು ಬಾಯಿ ತೆರೆಯಬಹುದಿತ್ತು. ಗುರುಪಾದಪ್ಪನಿಗೆ ಹೇಳಬಹುದಿತ್ತು, ತುಳಜಪ್ಪನಿಗೆ ಹೇಳಬಹುದಿತ್ತು. ನಾನು ನಾಳೆ ನಾಡಿದ್ದು ಎನ್ನುವಷ್ಟರಲ್ಲಿ ಅವರಿಬ್ಬರೂ ತೀರಿಹೋದರು. ಕೊಟ್ಟ ಮಾತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಬರೀ ಅಂಜಿಕೆ.

"ಅಜ್ಜಾರ, ಹಾಕ್ತೀನ್ರಿ" ಅಂದ ಶರಣಪ್ಪ. ನಾನು ತಲೆಯಾಡಿಸಿದೆ.

ಸೂಜಿ ಬಿತ್ತು. ಮುಂಗೈ ತನ್ನಷ್ಟಕ್ಕೆ ಸುತ್ತು ಎಣಿಸತೊಡಗಿತು. ಹನ್ನೊಂದು, ಹನ್ನೆರಡು, ಹದಿಮೂರು. ಶರಣಪ್ಪ ಥಟ್ಟನೆ ಬೆರಳು ಎತ್ತಿದ.

"ಇಲ್ಲಿ ಕೇಳ್ರಿ, ಇಲ್ಲಿ! ಮುದುಕನ ಕೈ ಇಲ್ಲಿ ಸೋಲ್ತದ. ನಮ್ಮ ತಾತ ಬಂದೋರಿಗೆಲ್ಲಾ ಈ ಜಾಗ ತೋರಸ್ತಿದ್ರು. ಅಷ್ಟ್ ದೊಡ್ಡ ಉಸ್ತಾದನ ಕೈ ಬಿದ್ದುಹೋದ ಜಾಗ ಅಂತ."

ಬಂದವರಿಗೆಲ್ಲ! ಇಷ್ಟು ವರ್ಷ, ಈ ಅಂಗಡಿಯಲ್ಲಿ, ಚಹಾ ಕೊಟ್ಟು, ಬೆರಳು ತೋರಿಸಿ. ನನ್ನ ಹೆಸರು ಉಳಿಸಲೆಂದು ಆ ಮನುಷ್ಯ ಆಡಿದ ಒಂದು ಮಾತು ಅವರ ಹೆಸರಿಗೆ ಹೀಗೆ ಮೆತ್ತಿಕೊಂಡು ಕೂತಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಪ್ಲೇಟು ಕೊನೆ ಮುಟ್ಟಿ ಖರ್ರ್ ಖರ್ರ್ ಎನ್ನುತ್ತಿತ್ತು.

"ಮತ್ತೊಮ್ಮೆ ಹಾಕು" ಅಂದೆ. "ನಗಾರಿ ಕೇಳಬ್ಯಾಡ. ತಾಳ ಕೇಳು. ಮೊದ್ಲ ಇಳಿಯೋದು ಯಾವುದು, ಅದಷ್ಟ ಹೇಳು."

ಅವನು ಬಗ್ಗಿ ಕಿವಿಗೊಟ್ಟ. ಹದಿನಾಲ್ಕು ಬಂದಾಗ ಹುಬ್ಬು ಗಂಟಿಕ್ಕಿತು. ಸೂಜಿ ಎತ್ತಿ ಮತ್ತೆ ಹಿಂದಕ್ಕೆ ಇಟ್ಟು ಇನ್ನೊಮ್ಮೆ ಕೇಳಿದ.

"ತಾಳ ಅಜ್ಜಾರ. ತಾಳ ಮೊದ್ಲ ಇಳೀತದ. ನಗಾರಿ ಅದರ ಹಿಂದ ಬರ್ತದ." ಅವನಿಗೇ ನಂಬಿಕೆ ಬಂದಂತಿರಲಿಲ್ಲ. "ಯಾರ್ರಿ ತಾಳ ಹಾಕ್ದಾವ?"

"ನಾ" ಅಂದೆ.

ಅವನು ಕೇಳಿಯೇ ಕೇಳಿದ, ಮಂದಿ ಕೇಳುತ್ತಾರೆಂದು ಉಸ್ತಾದರು ಅಂಗಳದಲ್ಲಿ ಕೂತು ಹೇಳಿದ್ದ ಅದೇ ಮಾತು: "ಯಾಕ್ರಿ ಇಳಿಸಿದ್ರಿ?"

"ಅವರ ಕೈ ನಡಗತಿತ್ತು. ನನಗ ನೋಡಾಕ ಆಗ್ಲಿಲ್ಲ. ನಡಗತಿತ್ತು ಖರೆ, ಸೋತಿರಲಿಲ್ಲಪ್ಪ. ಸೋಲಿಸಿದಾವ ನಾ. ಇನ್ನ ಮ್ಯಾಲ ಬಂದೋರಿಗೆಲ್ಲಾ ಇದನ್ನ ಹೇಳು."

ಶರಣಪ್ಪ ಕೀಲಿ ತುಂಬಿ ಪ್ಲೇಟನ್ನು ಮೊದಲಿನಿಂದ ಹಾಕಿದ. ಈ ಸಲ ಅವನು ಪೆಟ್ಟಿಗೆಯ ಕಡೆ ನೋಡದೆ ನನ್ನ ಕೈಯನ್ನೇ ನೋಡುತ್ತ ಕೂತ.